ಹಿಂದಿನ ಸಾಲಿನಲ್ಲಿ ಕೂತುಕೋ

ಮರಿ,

ಹೋದ ವಾರ ಫೋನಿನಲ್ಲಿ "ದೊಡ್ಡಮ್ಮ, ನನಗೆ ಯಾವ ಸತ್ಸಂಗವೂ ಒಗ್ಗುತ್ತಿಲ್ಲ, ಎಲ್ಲಿ ಹೋದರೂ ಹೊರಗಿನವನ ಹಾಗೆ ಕೂತು ಬರ್ತೀನಿ" ಅಂದೆಯಲ್ಲ, ಅದಕ್ಕೆ ನಾನು ಹೂಂ ಅಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ನಿನಗೆ ಆಗ ಹೇಳಿಕೊಳ್ಳಬೇಕಿತ್ತು. ಈಗ ನನ್ನ ಸರದಿ. ಬಿಡುವಾದಾಗ ಓದು, ಮೀಟಿಂಗಿನ ನಡುವೆ ಓದಬೇಡ.

ನೀನು ಹೇಳಿದ್ದನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆಯುವ ಧ್ಯಾನದ ತರಗತಿಗೆ ಸೇರಿದೆ, ಬಿಟ್ಟೆ. ವಾರಾಂತ್ಯದ ಶಿಬಿರವೊಂದಕ್ಕೆ ದುಡ್ಡು ಕಟ್ಟಿ ಹೋದೆ. ಅಲ್ಲಿ ಮೊದಲ ದಿನವೇ ಎಲ್ಲರೂ ತಬ್ಬಿಕೊಂಡರು, ಊರಿಗೆ ವಾಪಸಾದ ಮೇಲೆ ಒಬ್ಬರೂ ಫೋನ್ ಮಾಡಲಿಲ್ಲ. ಗೀತೆಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಶ್ಲೋಕ ಬರುತ್ತದೆ, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಇನ್ನು ಆಫೀಸಿಗೆ ಹೋಗುವ ದಾರಿಯಲ್ಲಿ ಪ್ರವಚನವನ್ನು ಒಂದೂವರೆ ಪಟ್ಟು ವೇಗದಲ್ಲಿ ಹಾಕಿಕೊಂಡು ಕೇಳುತ್ತೀಯಂತೆ. ಪಾಪ, ಆ ಸ್ವಾಮಿಗಳು ಉಸಿರು ತೆಗೆದುಕೊಳ್ಳುವುದು ಯಾವಾಗ?

ಹೊರಗಿನವನ ಹಾಗೆ ಕೂರುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಯಾರೇ ಆಗಲಿ ಮೊದಲು ಕೂರುವುದು ಹಾಗೆಯೇ. ನೀನು ಬೇಗ ಎದ್ದು ಬಂದುಬಿಡುತ್ತೀಯ, ಅದೇ ತೊಂದರೆ. ಒಂದು ಜಾಗಕ್ಕೆ ಹೋದ ಎರಡು ವಾರಕ್ಕೆ ಅದು ನನ್ನದು ಅನ್ನಿಸಬೇಕು ಅಂತ ಕಾಯುತ್ತೀಯ. ಹಾಗಾಗುವುದಿಲ್ಲ. ಬಾಯಿ ಮುಚ್ಚಿಕೊಂಡು, ಕಿವಿ ತೆರೆದುಕೊಂಡು, ಬಹಳ ಕಾಲ ಒಂದೇ ಕಡೆ ಕೂತವರಿಗೆ ಆ ಜಾಗ ತಾನಾಗಿ ಒಲಿಯುತ್ತದೆ.

ನಮ್ಮ ಚಾಮರಾಜಪೇಟೆಯನ್ನೇ ತಗೋ. 1892ರಲ್ಲಿ ಹುಟ್ಟಿದ ಬಡಾವಣೆ. 1898ರ ಪ್ಲೇಗು ಬಂದು ಬಸವನಗುಡಿ, ಮಲ್ಲೇಶ್ವರಗಳು ಏಳುವುದಕ್ಕೂ ಮುಂಚಿನದು. ಹಳೇ ಬೆಂಗಳೂರು ಹಳೇ ಬೆಂಗಳೂರು ಅಂತ ನೀವೆಲ್ಲ ಹೇಳುತ್ತೀರಲ್ಲ, ಇಲ್ಲಿನ ಅಗಲವಾದ ಮುಖ್ಯರಸ್ತೆಗಳಲ್ಲಿ ಮನೆ ಕಟ್ಟಿದವರೆಲ್ಲ ಒಂದು ಕಾಲಕ್ಕೆ ಬೇರೆ ಕಡೆಯಿಂದ ಬಂದವರೇ. ಯಾರೂ ಇಲ್ಲಿ ಮಣ್ಣಿನಿಂದ ಮೊಳೆತವರಲ್ಲ.

ನಾನೂ ಅಷ್ಟೆ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಬೀದಿಯಲ್ಲಿ ಒಬ್ಬರ ಗುರುತೂ ಇರಲಿಲ್ಲ. ಚೈತ್ರ ಮಾಸ ಬಂದರೆ ಅತ್ತೆ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಪೆಂಡಾಲಿಗೆ ಕರೆದುಕೊಂಡು ಹೋಗುತ್ತಿದ್ದರು. ಶ್ರೀ ರಾಮಸೇವಾ ಮಂಡಳಿಯವರ ಆ ಉತ್ಸವ 1939ರಲ್ಲಿ ಶುರುವಾದದ್ದು. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಇನ್ನೂ ಚಿಕ್ಕ ವಯಸ್ಸಿನವರಿದ್ದಾಗ ಹಚ್ಚಿದ ದೀಪ ಅದು, ಆಮೇಲೆ ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಬಂದು ಹಾಡುವಷ್ಟು ಬೆಳೆಯಿತು. ತಿಂಗಳುಗಟ್ಟಲೆ ಕಚೇರಿ. ದುಡ್ಡಿದ್ದವರು ಟಿಕೆಟ್ ತೆಗೆದುಕೊಂಡು ಒಳಗೆ ಕುರ್ಚಿಯಲ್ಲಿ ಕೂರುತ್ತಿದ್ದರು, ಇಲ್ಲದವರು ರಸ್ತೆಬದಿಯಲ್ಲಿ, ಸ್ಕೂಟರಿನ ಸೀಟಿನ ಮೇಲೆ. ತೋಡಿ ರಾಗಕ್ಕೆ ಆ ವ್ಯತ್ಯಾಸ ಗೊತ್ತಿರಲಿಲ್ಲ, ಮೈಕು ಇಬ್ಬರಿಗೂ ಒಂದೇ.

ನನಗೆ ಸಂಗೀತ ಬರುತ್ತಿರಲಿಲ್ಲ, ರಾಗ ಕಂಡುಹಿಡಿಯುವ ಗೊಡವೆಗೂ ಹೋಗಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನೋಡುತ್ತ ನೋಡುತ್ತ ನನ್ನ ಕೈಯೂ ಆಡತೊಡಗಿತು. ಒಂದೆರಡು ವರ್ಷ ಕಳೆದ ಮೇಲೆ ಒಂದು ಸಂಜೆ ಅವರು ನನ್ನ ಕಡೆ ತಿರುಗಿ "ಯಾಕಮ್ಮ, ನಿನ್ನೆ ಬರಲಿಲ್ಲ?" ಅಂತ ಕೇಳಿದರು. ಆಗ ಅವರ ಹೆಸರು ನನಗೆ ಗೊತ್ತಿರಲಿಲ್ಲ, ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ನಾನು ಚಾಮರಾಜಪೇಟೆಯವಳಾದದ್ದು ಅವತ್ತು, ರೇಷನ್ ಕಾರ್ಡಿನಲ್ಲಿ ಹೆಸರು ಹತ್ತಿದ ದಿನವಲ್ಲ. ನಿನ್ನ ಶಿಬಿರದವರ ಮೊದಲ ದಿನದ ಅಪ್ಪುಗೆಗೂ ಈ ಪ್ರಶ್ನೆಗೂ ಇರುವ ಅಂತರ ನಿನಗೆ ಗೊತ್ತಾಗಬೇಕು. ನೀನು ಬಾರದ ದಿನ ಯಾರಿಗಾದರೂ ಆ ಖಾಲಿ ಜಾಗ ಕಾಣಬೇಕಾದರೆ, ಅದಕ್ಕೆ ಮುಂಚೆ ನೀನು ಅಲ್ಲಿ ಸಾಕಷ್ಟು ದಿನ ಕೂತಿರಬೇಕಲ್ಲವೇ.

ಈ ಪೇಟೆಗೆ ಹೆಸರು ಕೊಟ್ಟ ಚಾಮರಾಜೇಂದ್ರ ಒಡೆಯರ ಪ್ರಸಂಗವೊಂದಿದೆ. ಪೇಟೆ ಹುಟ್ಟಿದ ಅದೇ 1892ರಲ್ಲಿ ಸ್ವಾಮಿ ವಿವೇಕಾನಂದರು ಇನ್ನೂ ಹೆಸರಾಗದ ಪರಿವ್ರಾಜಕರಾಗಿ ಬೆಂಗಳೂರಿಗೆ ಬಂದರು. ದಿವಾನ್ ಶೇಷಾದ್ರಿ ಅಯ್ಯರ್ ಅವರಲ್ಲಿ ಉಳಿದುಕೊಂಡರು, ಅವರ ಮೂಲಕ ಮಹಾರಾಜರ ಪರಿಚಯವಾಯಿತು. ಒಂದು ದಿನ ಮಹಾರಾಜರು ತಮ್ಮ ಆಸ್ಥಾನಿಕರ ಬಗ್ಗೆ ಏನನ್ನಿಸುತ್ತದೆ ಅಂತ ಕೇಳಿದಾಗ ಸ್ವಾಮಿಗಳು ಮುಲಾಜಿಲ್ಲದೆ ಹೇಳಿಬಿಟ್ಟರು, ಆಸ್ಥಾನಿಕರು ಎಲ್ಲೆಲ್ಲೂ ಆಸ್ಥಾನಿಕರೇ ಅನ್ನುವ ಅರ್ಥ ಬರುವಂತೆ. ಹೀಗೆಲ್ಲ ಮಾತಾಡಿದರೆ ನಿಮ್ಮ ಜೀವಕ್ಕೇ ಅಪಾಯ ಅಂತ ಮಹಾರಾಜರು ಆಮೇಲೆ ಅವರನ್ನು ಎಚ್ಚರಿಸಿದರೇ ಹೊರತು ದೂರ ಮಾಡಲಿಲ್ಲ. ಸಿಂಹಾಸನದ ಮೇಲೆ ಕೂತವರು ಹಾಗೆ ಕೇಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಇನ್ನೂ ಒಂದು ಸಂಗತಿಯನ್ನು ಸ್ವಾಮಿಗಳ ಜೀವನಚರಿತ್ರೆ ಹೇಳುತ್ತದೆ: ಮಹಾರಾಜರು ಅವರ ಧ್ವನಿಯನ್ನು ಫೋನೋಗ್ರಾಫಿನಲ್ಲಿ ಮುದ್ರಿಸಿ ಇಟ್ಟುಕೊಂಡರು. ಕಾಲ ಕಳೆದಂತೆ ಅದು ಮಸುಕಾಗಿ, ಕೇಳಲಾಗದಂತಾಯಿತು.

ನಿನ್ನ ಫೋನಿನಲ್ಲಿ ನೂರಾರು ಗಂಟೆಯ ಪ್ರವಚನ ಇದೆ ಅಂದಾಗ ನನಗೆ ಆ ಮುದ್ರಿಕೆ ನೆನಪಾಯಿತು. ಧ್ವನಿಯನ್ನು ಹಿಡಿದಿಟ್ಟದ್ದು ಹೋಯಿತು; ಆದರೆ 1904ರಲ್ಲಿ ಈ ಊರಿನಲ್ಲಿ ಶುರುವಾದ ರಾಮಕೃಷ್ಣ ಆಶ್ರಮದಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ, ಇವತ್ತಿಗೂ ಸಂಜೆ ಆದರೆ ವಿವೇಕಾನಂದರೇ ರಚಿಸಿದ ಆರತಿ ಹಾಡನ್ನು ಹಾಡುತ್ತಾರೆ. ಶ್ರುತಿ ಇದ್ದವರೂ ಇಲ್ಲದವರೂ ಸೇರಿ ಹಾಡುತ್ತಾರೆ. ಮುಗಿದ ಮೇಲೆ ಕೆಲವರು ಎದ್ದು ಹೋಗುತ್ತಾರೆ, ಕೆಲವರು ಕಣ್ಣು ಮುಚ್ಚಿ ಕೂತಿರುತ್ತಾರೆ. ಅಲ್ಲಿ ಹೋಗಿ ಕೂರು. ನಿನ್ನ ಗೋತ್ರ, ಸಂಬಳ, ಕಂಪನಿ ಯಾವುದನ್ನೂ ಯಾರೂ ವಿಚಾರಿಸುವುದಿಲ್ಲ. ನೀನು ತಪ್ಪದೆ ಬಂದೆಯಾ ಅಂತ ಹಾಜರಿಯನ್ನೂ ಹಾಕಿಕೊಳ್ಳುವುದಿಲ್ಲ. ಮೊದಮೊದಲು ಅದೇ ನಿನಗೆ ಕಸಿವಿಸಿ ಅನ್ನಿಸಬಹುದು. ಯಾರೂ ಮಾತಾಡಿಸಲಿಲ್ಲ ಅಂತ ಮುನಿಸಿಕೊಂಡು ಬಂದುಬಿಡಬೇಡ.

ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಡಿವಿಜಿ ಅಲ್ಲಿ ಕೂತು ಗೀತೆಯ ಪಾಠ ಹೇಳಿದರು. ಆ ಪಾಠಗಳೇ ಬೆಳೆದು 'ಜೀವನಧರ್ಮಯೋಗ' ಆಯಿತು, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಪುಸ್ತಕದ ಮೇಲೆ ಹೇಳಿದವರ ಹೆಸರಿದೆ. ಕೇಳಿದವರ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಆದರೂ ನನಗೆ ಆ ಪುಸ್ತಕ ತೆರೆದಾಗಲೆಲ್ಲ ಅವರ ಎದುರು ಕೂತಿದ್ದವರ ಕಡೆಗೆ ಮನಸ್ಸು ಹೋಗುತ್ತದೆ. ಗುಮಾಸ್ತರು, ಮೇಷ್ಟರು, ಪಿಂಚಣಿದಾರರು ಅಂತ ಊಹಿಸಿಕೊಳ್ಳುತ್ತೇನೆ. ಅವರು ಬಂದು ಕೂರದಿದ್ದರೆ ಡಿವಿಜಿ ಯಾರಿಗೆ ಹೇಳುತ್ತಿದ್ದರು? ಎದುರಿಗೆ ತಲೆದೂಗುವ ಒಂದು ಮುಖ, ಒಪ್ಪದೆ ಹುಬ್ಬು ಗಂಟಿಕ್ಕುವ ಇನ್ನೊಂದು ಮುಖ, ಇವೆರಡನ್ನೂ ನೋಡುತ್ತಲೇ ಹೇಳುವವರ ಮಾತು ಹದಕ್ಕೆ ಬರುವುದು.

ಕೇಳುವುದೂ ಒಂದು ಕೆಲಸ. ನಿಮ್ಮಜ್ಜಿ ಕಥೆ ಹೇಳುವಾಗ ಏನು ಷರತ್ತು ಹಾಕುತ್ತಿದ್ದರು ನೆನಪಿದೆಯಾ? ಹೂಂಗುಟ್ಟಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತಿತ್ತು. ನೀನು ನಿದ್ದೆಗಣ್ಣಿನಲ್ಲಿ ತಪ್ಪು ಜಾಗದಲ್ಲಿ ಹೂಂ ಅಂದರೆ ಅವರಿಗೆ ತಕ್ಷಣ ಗೊತ್ತಾಗಿ "ರಾಕ್ಷಸ ಬಂದು ರಾಜಕುಮಾರಿಯನ್ನ ಎತ್ತಿಕೊಂಡು ಹೋದ ಅಂದರೂ ಹೂಂ ಅಂತೀಯಲ್ಲೋ" ಅಂತ ನಗುತ್ತಿದ್ದರು. ಗಮಕದ ಕಾರ್ಯಕ್ರಮಕ್ಕೆ ಹೋಗು, ಅದರ ದೊಡ್ಡ ರೂಪ ಕಾಣುತ್ತದೆ. ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ವಾಚನ ಮಾಡುವವರು ವ್ಯಾಖ್ಯಾನ ಮುಗಿಯುವ ತನಕ ಕಾಯುತ್ತಾರೆ, ವ್ಯಾಖ್ಯಾನಕಾರರು ಪದ್ಯ ಮುಗಿಯುವ ತನಕ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡರಷ್ಟೇ ನಮಗೂ ಕೇಳಿಸುವುದು. ಪಂಪ ಮಹಾಕವಿ ರಸ್ತೆಯ ಸಾಹಿತ್ಯ ಪರಿಷತ್ತು ಇರುವ ಊರಿನಲ್ಲಿ ಇದ್ದೂ ನಿನ್ನ ವಯಸ್ಸಿನವರು ಗಮಕ ಕೇಳಿಲ್ಲ ಅಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಇರಲಿ, ಅದು ಬೇರೆ ಜಗಳ.

ಭಾಗವತದಲ್ಲಿ ಪ್ರಹ್ಲಾದ ಎಣಿಸುವ ನವವಿಧ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದು. ಅದಕ್ಕೆ ಉದಾಹರಣೆಯಾಗಿ ಎಲ್ಲರೂ ಹೆಸರಿಸುವುದು ಪರೀಕ್ಷಿತನನ್ನು. ಏಳು ದಿನದಲ್ಲಿ ಸಾವು ಅಂತ ಗೊತ್ತಿದ್ದ ರಾಜ, ಗಂಗೆಯ ದಡದಲ್ಲಿ ಕೂತು ಶುಕಮುನಿಯನ್ನು ಕೇಳಿದ. ಅವಸರ ಮಾಡಲು ಅವನಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಅವನು ಒಂದೂವರೆ ಪಟ್ಟು ವೇಗ ಕೇಳಲಿಲ್ಲ. ಮತ್ತೆ, ಬರೀ ತಲೆಯಾಡಿಸಿಕೊಂಡೂ ಕೂರಲಿಲ್ಲ. ನಡುನಡುವೆ ಪ್ರಶ್ನೆ ಹಾಕಿದ. ರಾಸಕ್ರೀಡೆಯ ಜಾಗಕ್ಕೆ ಬಂದಾಗ ಧರ್ಮವನ್ನು ಕಾಪಾಡಲು ಬಂದವನೇ ಹೀಗೆ ಮಾಡಬಹುದೇ ಅಂತ ನೇರವಾಗಿಯೇ ಕೇಳಿದ. ಶುಕರು ಎದ್ದು ಹೋಗಲಿಲ್ಲ, ಉತ್ತರ ಹೇಳಿದರು.

ಇದನ್ನು ಯಾಕೆ ಹೇಳಿದೆ ಅಂದರೆ, ಕೇಳುವುದು ಅಂದಾಕ್ಷಣ ಬಾಯಿಗೆ ಬೀಗ ಹಾಕಿಕೊಳ್ಳುವುದು ಅಂತ ನೀನು ತಿಳಿಯಬಾರದು. ಈಗೀಗ ಹುಟ್ಟಿಕೊಳ್ಳುತ್ತಿರುವ ಕೆಲವು ಗುಂಪುಗಳ ಬಗ್ಗೆ ನನಗೆ ಭಯವಿದೆ. ಪ್ರಶ್ನೆ ಕೇಳಿದರೆ ನಿನಗೆ ಶ್ರದ್ಧೆ ಸಾಲದು ಅನ್ನುತ್ತಾರೆ. ಹಳೇ ಸ್ನೇಹಿತರು, ಮನೆಯವರು ನಿನ್ನ ಸಾಧನೆಗೆ ಅಡ್ಡಿ ಅನ್ನುತ್ತಾರೆ. ಒಂದು ಶಿಬಿರ ಮುಗಿದರೆ ಮುಂದಿನ ಹಂತ, ಅದಕ್ಕೆ ಇನ್ನಷ್ಟು ದುಡ್ಡು. ಅಂಥ ಕಡೆ ಸೇರಿಕೊಂಡ ಭಾವನೆ ಬಹಳ ಬೇಗ ಬರುತ್ತದೆ, ಅದೇ ಅದರ ಗುರುತು. ಒಂಟಿಯಾಗಿರುವವರನ್ನು ಅವರು ದೂರದಿಂದಲೇ ಪತ್ತೆ ಹಚ್ಚುತ್ತಾರೆ. ಕಲ್ಯಾಣದ ಅನುಭವ ಮಂಟಪಕ್ಕೆ ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭು ಬಾ ತಾಯಿ ಅಂತ ಆರತಿ ಎತ್ತಲಿಲ್ಲ. ಶೂನ್ಯಸಂಪಾದನೆ ಓದು, ಕಟುವಾದ ಪ್ರಶ್ನೆಗಳನ್ನೇ ಹಾಕಿದರು. ಅಷ್ಟೇ ಗಟ್ಟಿಯಾಗಿ ಅಕ್ಕ ಉತ್ತರಿಸಿದಳು. ಅವರು ಅದನ್ನು ಕಿವಿಗೊಟ್ಟು ಕೇಳಿದರು, ಆಮೇಲೆ ತಲೆಬಾಗಿದರು. ಎರಡು ಕಡೆಯಿಂದಲೂ ಕೇಳಿಸಿಕೊಳ್ಳುವುದು ನಡೆಯಬೇಕು. ನೀನು ಮಾತ್ರ ಕೇಳಬೇಕು, ನಿನ್ನನ್ನು ಯಾರೂ ಕೇಳುವುದಿಲ್ಲ ಅನ್ನುವ ಕಡೆಯಿಂದ ಚಪ್ಪಲಿ ಮೆಟ್ಟಿಕೊಂಡು ಹೊರಟು ಬಾ. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಅದೇ ಮಂಟಪದ ಇನ್ನೊಂದು ಕಥೆ ನನಗೆ ಅಕ್ಕನ ಕಥೆಗಿಂತಲೂ ಹತ್ತಿರ. ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಅನುಭಾವದ ಮಾತುಕತೆಯಲ್ಲಿ ಮೈಮರೆತು ಕೂತುಬಿಟ್ಟ. ಎಂಥ ಮಾತುಕತೆ ಇದ್ದಿರಬೇಕು ಯೋಚಿಸು, ಎದುರಿಗೆ ಇದ್ದವರು ಅಲ್ಲಮರು. ಹೆಂಡತಿ ಲಕ್ಕಮ್ಮ ಬಂದು ಕಾಯಕದ ಹೊತ್ತು ಮೀರುತ್ತಿದೆ ಅಂತ ಎಚ್ಚರಿಸಿದಳು. ಅವನು ಓಡಿ ಹೋಗಿ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಿನದು ನಮಗೆ ಬೇಡ, ವಾಪಸು ಸುರಿದು ಬಾ ಅಂದಳು. ಸುರಿದು ಬಂದ. ಜ್ಞಾನಿಗಳ ಮಾತಿಗೆ ಕಿವಿಗೊಟ್ಟವನು ಮನೆಯವಳ ಮಾತಿಗೂ ಅಷ್ಟೇ ಕಿವಿಗೊಟ್ಟ. ನಾನು ನೋಡಿರುವ ಎಷ್ಟೋ ಭಕ್ತರಲ್ಲಿ ಈ ಎರಡನೆಯದು ಇರುವುದಿಲ್ಲ. ಸಂಜೆ ಹೊತ್ತು ಪ್ರವಚನದಲ್ಲಿ ಕಣ್ಣೀರು ಸುರಿಸಿ, ಮನೆಗೆ ಬಂದು ಹೆಂಡತಿ ಬಾಯಿ ತೆರೆದರೆ ಟಿವಿಯ ಧ್ವನಿ ಹೆಚ್ಚಿಸುವವರು.

ನಿನ್ನ ವಿಷಯಕ್ಕೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿಮ್ಮಮ್ಮ ನನ್ನ ತಂಗಿ, ಅವಳು ನನ್ನ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ. ರಾತ್ರಿ ಅವಳು ಫೋನ್ ಮಾಡಿದಾಗ ನೀನು ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತೀಯಂತೆ. ಕೀಲಿಗಳ ಟಕಟಕ ಅವಳಿಗೆ ಕೇಳಿಸುತ್ತದೆ. ಅವಳು ಹೇಳುವುದರಲ್ಲಿ ಹೊಸದೇನೂ ಇರುವುದಿಲ್ಲ, ನನಗೂ ಗೊತ್ತು: ಮಂಡಿನೋವು, ನಲ್ಲಿ ನೀರು, ಎದುರು ಮನೆಯವರ ಮಗಳ ಸಂಬಂಧ. ಮೂರು ಸಲ ಹೇಳಿದ್ದನ್ನೇ ನಾಲ್ಕನೆಯ ಸಲ ಹೇಳುತ್ತಾಳೆ. ಆದರೆ ನಾಲ್ಕನೆಯ ಸಲ ಹೇಳುವಾಗ ಒಂದು ಮಾತು ಹೆಚ್ಚಿಗೆ ಬರುತ್ತದೆ, ಹಿಂದಿನ ಮೂರು ಸಲ ಬಾರದೆ ಉಳಿದದ್ದು. ಅದಕ್ಕಾಗಿಯೇ ಅವಳು ಮತ್ತೆ ಮತ್ತೆ ಹೇಳುವುದು ಅಂತ ನನ್ನ ಅನುಮಾನ. ಎಲ್ಲೂ ನನ್ನವರಿಲ್ಲ ಅನ್ನುವವನಿಗೆ ದಿನವೂ ಒಬ್ಬಳು ಕರೆ ಮಾಡುತ್ತಿದ್ದಾಳೆ, ಅಷ್ಟು ನೆನಪಿಟ್ಟುಕೋ.

ಈಗ ಸ್ವಲ್ಪ ವ್ಯವಹಾರದ ಮಾತು. ಚಾಮರಾಜಪೇಟೆಗೇ ಬರಬೇಕು ಅಂತ ನಾನು ಹಟ ಮಾಡುವುದಿಲ್ಲ. ವೈಟ್‌ಫೀಲ್ಡಿನಿಂದ ವಾರಕ್ಕೆ ಎರಡು ಸಲ ಇಲ್ಲಿಗೆ ಬರುವವನಿಗೆ ಭಕ್ತಿಗಿಂತ ಮೊದಲು ಬೆನ್ನುನೋವು ಬರುತ್ತದೆ. ನಿನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಒಂದು ದೇವಸ್ಥಾನವೋ, ಭಜನೆ ಮಂಡಳಿಯೋ ಇದ್ದೇ ಇರುತ್ತದೆ. ಅಲ್ಲಿ ಮೈಕು ಕಿರುಗುಟ್ಟುತ್ತಿರಬಹುದು, ಹಾರ್ಮೋನಿಯಂ ಒಂದು ಕಡೆ ಹೋದರೆ ಹಾಡು ಇನ್ನೊಂದು ಕಡೆ ಹೋಗಬಹುದು, ಪ್ರವಚನಕಾರರು ದೊಡ್ಡ ವಿದ್ವಾಂಸರಲ್ಲದೆ ಇರಬಹುದು. ಪರವಾಗಿಲ್ಲ. ಒಂದೇ ಜಾಗ ಆರಿಸಿಕೋ, ವಾರದ ಒಂದೇ ದಿನ, ಒಂದೇ ಹೊತ್ತು. ಹಿಂದಿನ ಸಾಲಿನಲ್ಲಿ ಕೂತುಕೋ. ಮುಂದಿನ ಸಾಲಿನವರಿಗೆ ಪ್ರವಚನಕಾರರ ಮುಖ ಒಂದೇ ಕಾಣುತ್ತದೆ. ಹಿಂದೆ ಕೂತವರಿಗೆ ಬಂದವರೆಲ್ಲ ಕಾಣುತ್ತಾರೆ. ಯಾರ ಬೆನ್ನು ಬಾಗಿದೆ, ಯಾರು ಈ ಸಲ ಒಬ್ಬರೇ ಬಂದಿದ್ದಾರೆ, ಯಾರು ನಡುವೆ ಎದ್ದು ಹೋಗಿ ಕಣ್ಣು ಒರೆಸಿಕೊಂಡು ಬಂದರು, ಇದೆಲ್ಲ.

ಮುಗಿದ ಮೇಲೆ ಓಡಬೇಡ. ಜಮಖಾನ ಮಡಿಚುವುದಕ್ಕೆ ಯಾವಾಗಲೂ ಒಂದು ಕೈ ಕಡಿಮೆ ಇರುತ್ತದೆ. ಅದರ ಇನ್ನೊಂದು ತುದಿ ಹಿಡಿದವರ ಜೊತೆ ಮಾತು ತಾನಾಗಿ ಹುಟ್ಟುತ್ತದೆ. ಕೋಸಂಬರಿ ಹಂಚಲು ನಿಲ್ಲು. ಧನುರ್ಮಾಸದಲ್ಲಿ ಬೆಳಗಿನ ಜಾವದ ಪೂಜೆಗೆ ಹೋದರೆ ಹುಗ್ಗಿಯ ಪಾತ್ರೆ ಇಳಿಸಲು ವಯಸ್ಸಾದ ಅರ್ಚಕರು ಯಾರಾದರೂ ಹುಡುಗರು ಬಂದಾರೇ ಅಂತ ದಾರಿ ನೋಡುತ್ತಿರುತ್ತಾರೆ. ಪಕ್ಕದಲ್ಲಿ ನಿಂತವರು ತಮ್ಮ ಮಗನ ವಿಷಯ ಹೇಳತೊಡಗಿದರೆ ನಿನಗೆ ಗೊತ್ತಿರುವ ಡಾಕ್ಟರ ಹೆಸರು, ಉಪಾಯ, ಆ್ಯಪು ಇವನ್ನೆಲ್ಲ ತಕ್ಷಣ ಹೊರತೆಗೆಯಬೇಡ. ಮೊದಲು ಪೂರ್ತಿ ಕೇಳು. ಅವರು ಕೇಳಿದರೆ ಹೇಳು. ನಿಮ್ಮ ಕಾಲದ ಬುದ್ಧಿವಂತರಿಗೆ ಇದೇ ಬಹಳ ಕಷ್ಟ, ಯಾರು ಏನು ಹೇಳಿದರೂ ಅದಕ್ಕೊಂದು ಪರಿಹಾರ ಹುಡುಕಿ ಕೈಗೆ ಕೊಟ್ಟು ಕಳಿಸಿಬಿಡುತ್ತೀರಿ.

ನಮ್ಮದು ಬಿಟ್ಟು ಬೇರೆಯವರದ್ದನ್ನೂ ನೋಡು. ರಂಜಾನಿನ ದಿನ ಇಲ್ಲಿನ ಈದ್ಗಾದಲ್ಲಿ ನಮಾಜು ನಡೆಯುವಾಗ ಸಾಲುಗಳು ರಸ್ತೆಯ ತನಕ ಬಂದಿರುತ್ತವೆ. ತಡವಾಗಿ ಓಡಿ ಬಂದವನೂ ಕೊನೆಯ ಸಾಲಿನ ತುದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾನೆ. ಪಕ್ಕದವನು ತಲೆಯೆತ್ತಿ ಯಾರೆಂದು ನೋಡುವುದಿಲ್ಲ, ಸ್ವಲ್ಪ ಸರಿದು ಜಾಗ ಮಾಡುತ್ತಾನೆ ಅಷ್ಟೆ.

ಇಷ್ಟೆಲ್ಲ ಆದಮೇಲೂ ನಿನಗೆ ಗುಂಪೇ ಬೇಡ ಅನ್ನಿಸಿದರೆ ಅದರಲ್ಲೂ ದೋಷವಿಲ್ಲ. ಒಬ್ಬರೇ ಕೂತು ಜಪ ಮಾಡುವವರು, ದೇವರ ಮನೆಯಿಂದ ಹೊರಗೆ ಕಾಲಿಡದವರು ನಮ್ಮ ಮನೆತನದಲ್ಲೇ ಇದ್ದರು. ನಿಮ್ಮ ದೊಡ್ಡಪ್ಪನೂ ಸ್ವಲ್ಪ ಆ ಜಾತಿಯವರೇ, ಪೆಂಡಾಲಿಗೆ ಬಂದರೆ ಪ್ರಸಾದಕ್ಕೆ ಮಾತ್ರ. ಆದರೆ ಅದನ್ನು ತೀರ್ಮಾನಿಸಲು ಒಂದು ವರ್ಷವಾದರೂ ಬೇಕು. ಎರಡು ವಾರದ ಮುನಿಸನ್ನು ವೈರಾಗ್ಯ ಅಂತ ಕರೆಯಬೇಡ.

ಈ ಸಲ ರಾಮನವಮಿಗೆ ಬಾ. ಮೆಜೆಸ್ಟಿಕ್ಕಿನಲ್ಲಿ ಹಸಿರು ಮೆಟ್ರೋಗೆ ಬದಲಾಯಿಸಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದರೆ ನಡೆದೇ ಬರಬಹುದು. ಕಾರು ತರಬೇಡ, ಇಲ್ಲಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ನಿಮ್ಮಮ್ಮನನ್ನೂ ಕರೆದುಕೊಂಡು ಬಾ, ಒಂದು ವಾರ ಇಲ್ಲೇ ಇರಲಿ. ಅದಕ್ಕೂ ಮುಂಚೆ ಇವತ್ತು ರಾತ್ರಿ ಅವಳು ಫೋನ್ ಮಾಡಿದಾಗ ಲ್ಯಾಪ್‌ಟಾಪ್ ಮುಚ್ಚಿ ಮಾತಾಡು.

ನಿನ್ನ ದೊಡ್ಡಮ್ಮ